ಗೆರೆಯಾಚೆ ನಿಂತು ಕೂಗಿದ್ದು

ಎಲ್ಲರಿಗೂ ನಮಸ್ಕಾರ.

ಭಾನುವಾರ ರಾತ್ರಿ ಹನ್ನೊಂದೂವರೆ. ನಮ್ಮ ಕನ್ನಡ ಸಂಘದ ಖಜಾಂಚಿಗಳು ಎರಡು ಸಲ ಫೋನ್ ಮಾಡಿ "ಮೇಡಂ, ಪತ್ರಿಕೆಗೆ ನಿಮ್ಮ ಬರಹವೊಂದೇ ಬಾಕಿ" ಅಂದಿದ್ದಾರೆ. ಗಣಪತಿ ಹಬ್ಬದ ಬಗ್ಗೆ ಬರೆಯೋಣ ಅಂತ ಕೂತೆ. ಮೊದಲ ಸಾಲು ಬರೆದು ನೋಡಿದರೆ ಹೋದ ವರ್ಷದ್ದೇ! ಅಳಿಸಿದೆ. ತಲೆಯಲ್ಲಿ ತುಂಬಿರುವುದು ನಿನ್ನೆ ಬೆಳಗಿನ ರಗ್ಬಿ ಮೈದಾನ. ಅದನ್ನೇ ಬರೆಯುತ್ತೇನೆ, ಗಣಪ ಬೇಜಾರು ಮಾಡಿಕೊಳ್ಳಲ್ಲ.

ಆಕ್ಲೆಂಡಿನಲ್ಲಿ ಚಳಿಗಾಲದ ಶನಿವಾರ ಹೇಗಿರುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿಕ್ಕಿಯಲ್ಲಿ ಕೆಸರಿನ ಬೂಟು, ಸೀಟಿನ ಮೇಲೆ ಹಳೇ ಟವೆಲ್ಲು, ಫ್ಲಾಸ್ಕಿನಲ್ಲಿ ಕಾಫಿ. 2022ರ ನವೆಂಬರಿನಲ್ಲಿ ಈಡನ್ ಪಾರ್ಕಿನಲ್ಲಿ ಹೆಂಗಸರ ರಗ್ಬಿ ವಿಶ್ವಕಪ್ ಫೈನಲ್ ನಡೆಯಿತಲ್ಲ, ನಮ್ಮ ನ್ಯೂಜಿಲೆಂಡ್ ತಂಡ ಬ್ಲ್ಯಾಕ್ ಫರ್ನ್ಸ್ ಇಂಗ್ಲೆಂಡನ್ನು 34-31ರಲ್ಲಿ ಸೋಲಿಸಿದ್ದು, ಅವತ್ತು ಟಿವಿ ಮುಂದೆ ಸೋಫಾದಿಂದ ಸೋಫಾಕ್ಕೆ ಹಾರಿದ ಪುಟಾಣಿ ನನ್ನ ಮಗಳು. ಆಮೇಲೆ ರಿಪ್ಪಾಗೆ, ಅಂದರೆ ಪುಟ್ಟ ಮಕ್ಕಳ ರಗ್ಬಿಗೆ, ಸೇರಿಸದೆ ವಿಧಿ ಇರಲಿಲ್ಲ. ಸೊಂಟದ ಪಟ್ಟಿಗೆ ಎರಡು ರಿಬ್ಬನ್, ಅದನ್ನು ಕಿತ್ತರೆ ಹಿಡಿದ ಲೆಕ್ಕ. ನೋಡೋಕೂ ಮುದ್ದು, ಅಮ್ಮಂದಿರಿಗೂ ನೆಮ್ಮದಿ. ಎಂಟು ವರ್ಷದೊಳಗಿನವರ ತಂಡಕ್ಕೆ ಬಂದ ಮೇಲೆ ರಿಬ್ಬನ್ ಹೋಯಿತು, ಮೈಮೇಲೆ ಬಿದ್ದು ಕೆಡವುವ ನಿಜವಾದ ಟ್ಯಾಕಲ್ ಬಂತು. ಮೊದಲ ವಾರ ನಾನು ಕಣ್ಣು ಮುಚ್ಚಿಕೊಂಡೇ ನೋಡಿದೆ.

ಅವರ ಕೋಚ್ ಟೊಂಗಾದವರು. ವಾರವೆಲ್ಲ ಲಾರಿ ಓಡಿಸಿ ಮಂಗಳವಾರ, ಗುರುವಾರ ಸಂಜೆ ಮೈದಾನಕ್ಕೆ ಬರುತ್ತಾರೆ. ಒಂದು ಡಾಲರ್ ಸಂಬಳವಿಲ್ಲ. ಅದರ ಮೇಲೆ ವರ್ಷವರ್ಷ ರಗ್ಬಿಸ್ಮಾರ್ಟ್ ಅನ್ನೋ ಸುರಕ್ಷತೆಯ ತರಬೇತಿಗೆ ಬೇರೆ ಕೂರಬೇಕು. ತಲೆಗೆ ಪೆಟ್ಟು ಬಿತ್ತೇನೋ ಅಂತ ಅನುಮಾನ ಬಂದರೆ ಸಾಕು, ಮಗು ಎಷ್ಟೇ ಅತ್ತರೂ ಆಟದಿಂದ ಆಚೆ. ದೊಡ್ಡವರ ಆಟದಲ್ಲಾದರೆ ಇದಕ್ಕೆ ರೆಫ್ರಿ ಜೇಬಿನಲ್ಲಿ ನೀಲಿ ಕಾರ್ಡೇ ಇರುತ್ತೆ. ಟ್ಯಾಕಲ್ ಹೇಳಿಕೊಡುವಾಗ ಅವರು "ಚೀಕ್ ಟು ಚೀಕ್" ಅಂತ ಕೂಗುತ್ತಾರೆ. ಇಂಗ್ಲಿಷಿನಲ್ಲಿ ಕೆನ್ನೆಗೂ ಕುಂಡೆಗೂ ಒಂದೇ ಮಾತು. ನಿನ್ನ ಕೆನ್ನೆ ಅವಳ ಕುಂಡೆಗೆ ಅಂಟಿರಬೇಕು, ಆಗ ನಿನ್ನ ತಲೆ ಅವಳ ಹಿಂದೆ ಇರುತ್ತೆ, ಮಂಡಿ ಬಡಿಯಲ್ಲ. ಮಕ್ಕಳು ಪ್ರತಿ ಸಲವೂ ಬಿದ್ದೂ ಬಿದ್ದೂ ನಗುತ್ತವೆ. ಹಾಗೆ ನಗುತ್ತಲೇ ಕಲಿತುಬಿಟ್ಟಿವೆ.

ತಂಡದ ಮ್ಯಾನೇಜರ್ ಒಬ್ಬರು ಮಾವೊರಿ ಅಜ್ಜಿ. ಎಲ್ಲರೂ ನ್ಯಾನ್ ಅಂತಾರೆ. ಯಾವ ಮಗುವಿನ ಬೂಟು ಎಷ್ಟನೇ ನಂಬರು, ಯಾರಿಗೆ ಬೂಟೇ ಇಲ್ಲ, ಎಲ್ಲ ಅವರಿಗೆ ಗೊತ್ತು. ಅರ್ಧ ಆಟಕ್ಕೆ ಕಿತ್ತಳೆ ಹೋಳು ತರುವ ಪಾಳಿ ಹಾಕುವವರೂ ಅವರೇ. ಯಾರನ್ನೂ ಕೇಳಲ್ಲ, ಹೆಸರು ಬರೆದು ಕಳಿಸುತ್ತಾರೆ ಅಷ್ಟೆ. ನನ್ನ ಮೊದಲ ಪಾಳಿಯಲ್ಲಿ ಅಭ್ಯಾಸಬಲದಿಂದ ಹೋಳಿನ ಮೇಲೆ ಉಪ್ಪು ಖಾರದ ಪುಡಿ ಉದುರಿಸಿಬಿಟ್ಟಿದ್ದೆ. ಒಂದು ಹುಡುಗಿ ಮೈದಾನದ ನಡುವೆ ನಾಲಿಗೆ ಚಾಚಿಕೊಂಡು ಮಳೆಗೆ ಹಿಡಿದಳು. ನ್ಯಾನ್ ಮಾತ್ರ ಇನ್ನೊಂದು ಹೋಳು ತಗೊಂಡರು.

ಸರಿ, ನಿನ್ನೆಯ ವಿಷಯ. ಆಟ ಸಮ ಸಮ. ನನ್ನ ಮಗಳು ಚೆಂಡು ಎದೆಗೆ ಅವುಚಿಕೊಂಡು ಗೆರೆ ಕಡೆ ಓಡುತ್ತಿದ್ದಾಳೆ, ಹಿಂದೆ ಯಾರೂ ಇಲ್ಲ. ಪಕ್ಕದಿಂದ ಒಬ್ಬಳು ಬಂದು ಕೈ ಹಾಕಿದಳು. ಚೆಂಡು ಮುಂದಕ್ಕೆ ಬಿತ್ತು. ಸೀಟಿ. ನಾಕ್ ಆನ್, ಅಂದರೆ ಕೈಯಿಂದ ಚೆಂಡು ಮುಂದಕ್ಕೆ ಬೀಳಿಸಿದ ತಪ್ಪು. ರೆಫ್ರಿ ಅಂದರೆ ಕ್ಲಬ್ಬಿನದೇ ಹುಡುಗ, ಹದಿನೈದು ಇರಬಹುದು. ಮುಖದ ತುಂಬ ಮೊಡವೆ, ಅಂಗಿ ಎರಡು ಸೈಜು ದೊಡ್ಡದು. ನಾನು ಹಗ್ಗದ ಈಚೆಯಿಂದ ಅಚ್ಚ ಕನ್ನಡದಲ್ಲಿ ಕೂಗಿದೆ: "ಏಯ್, ಕಣ್ಣು ಕಾಣಲ್ವೇನೋ ನಿಂಗೆ? ಆ ಹುಡುಗಿ ಕೈ ತಾಗಿ ಬಿದ್ದಿದ್ದು ಕಣೋ!"

ಕನ್ನಡ ಬರದಿದ್ದರೂ ದನಿ ಅರ್ಥವಾಗುತ್ತೆ. ಹುಡುಗ ಆಟ ನಿಲ್ಲಿಸಿದ. ಕೋಚನ್ನು ಕರೆದ. ಮಳೆಯಲ್ಲಿ ಅಷ್ಟೂ ಮಕ್ಕಳು ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನನ್ನು ನೋಡುತ್ತಿದ್ದವು. ಈ ಆಟದಲ್ಲಿ ರೆಫ್ರಿ ಹತ್ತಿರ ಮಾತಾಡುವುದು ಕ್ಯಾಪ್ಟನ್ ಒಬ್ಬರೇ, ಅದೂ "ಸರ್" ಅಂತ. ಒಂಬತ್ತು ವರ್ಷದ ಹುಡುಗಿ ಹದಿನೈದರ ಹುಡುಗನಿಗೆ ಸರ್ ಅನ್ನುತ್ತಾಳೆ, ನಲವತ್ತೇಳರ ನಾನು ಏಯ್ ಅಂದಿದ್ದೆ. ಕೋಚ್ ನಿಧಾನವಾಗಿ ನಡೆದು ಬಂದರು. "ಈ ಹಗ್ಗದ ಹಿಂದೆ ಚಪ್ಪಾಳೆ ಮಾತ್ರ" ಅಂದರು, ನಗುತ್ತಲೇ. ನ್ಯಾನ್ ಬಂದು ಕಿತ್ತಳೆ ಡಬ್ಬ ನನ್ನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತರು.

ಕಾರಿನಲ್ಲಿ ಮಗಳು ತುಂಬ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಮೋಟರ್‌ವೇ ಹತ್ತಿದ ಮೇಲೆ ಹೇಳಿದಳು: "ಅಮ್ಮಾ, ಅದು ನನ್ನ ಕೈಯಿಂದಾನೇ ಬಿದ್ದಿದ್ದು."

ಅಷ್ಟೇ. ನನಗೆ ಅರಸೀಕೆರೆ ಕಡೆಯ ಒಂದು ಹೈಸ್ಕೂಲು ಕಣ್ಣಮುಂದೆ ಬಂತು.

1994. ತಾಲ್ಲೂಕು ಮಟ್ಟದ ಹುಡುಗಿಯರ ಕಬಡ್ಡಿ. ಸುಣ್ಣದ ಪುಡಿಯಲ್ಲಿ ಎಳೆದ ಗೆರೆ, ಸುತ್ತ ತೆಂಗಿನ ತೋಟ, ಮೈದಾನದ ಅಂಚಿನಲ್ಲಿ ಸೈಕಲ್ ಒರಗಿಸಿಕೊಂಡು ನಿಂತ ಊರಿನವರು. ನಾನು ಹಾಕಿಕೊಂಡಿದ್ದು ಅಣ್ಣನ ಪೈಜಾಮ, ಮೊಣಕಾಲಿಗೆ ಮಡಚಿ ಅಮ್ಮ ಹೊಲಿದಿದ್ದು. ಬರಬೇಕಾದ ಅಂಪೈರ್ ಬಸ್ಸು ಸಿಗದೆ ಬರಲೇ ಇಲ್ಲ. ನಮ್ಮ ಪಿಟಿ ಮೇಷ್ಟ್ರ ಕೈಗೇ ಸೀಟಿ ಕೊಟ್ಟರು. ಎದುರು ಶಾಲೆಯವರು ಗೊಣಗಿದರು, ಆಮೇಲೆ ಒಪ್ಪಿದರು. ಕೊನೇ ರೈಡು ನನ್ನದು. ಒಂದು ಪಾಯಿಂಟ್ ಬಂದರೆ ಗೆದ್ದೆವು. ಒಬ್ಬಳನ್ನು ಮುಟ್ಟಿದೆ. ತಿರುಗುವಷ್ಟರಲ್ಲಿ ಇನ್ನೊಬ್ಬಳು ಕಾಲು ಹಿಡಿದಳು. ಮುಖ ಅಡಿಯಾಗಿ ಬಿದ್ದೆ. ಬಿದ್ದ ರಭಸಕ್ಕೆ ಬಾಯಿಂದ "ಹಂ" ಅಂತ ಒಂದು ಸದ್ದು ಬಂತು, ಅಷ್ಟೇ ಸಣ್ಣದು. ಮತ್ತೆ ಕಬಡ್ಡಿ ಕಬಡ್ಡಿ ಅಂತ ತೆವಳಿ ಬೆರಳ ತುದಿ ನಡುಗೆರೆಗೆ ಮುಟ್ಟಿಸಿದೆ. ನಮ್ಮ ಊರಿನವರು ಟವೆಲ್ ಹಾರಿಸಿದರು. ಮೇಷ್ಟ್ರು ಸೀಟಿ ಊದಿ, "ದಮ್ಮು ಬಿಟ್ಟಳು. ಔಟ್" ಅಂದರು.

ಆ ಗದ್ದಲದಲ್ಲಿ ಆ ಸದ್ದು ಕೇಳಿಸಿದ್ದು ಇಬ್ಬರಿಗೇ. ಅವರಿಗೆ, ನನಗೆ. ನಾನು "ಇಲ್ಲ ಸಾರ್, ಬಿಟ್ಟಿಲ್ಲ" ಅಂತ ಅತ್ತೆ. ಊರಿನವರು ಮೇಷ್ಟ್ರಿಗೆ ಬಾಯಿಗೆ ಬಂದಂತೆ ಬೈದರು. ವಾಪಸ್ ಬರುವಾಗ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಮೇಷ್ಟ್ರು ತಮ್ಮ ದುಡ್ಡಿನಲ್ಲಿ ಎಲ್ಲರಿಗೂ ಬೋಂಡ ಕೊಡಿಸಿದರು. ನಾನು ಮುಟ್ಟಲಿಲ್ಲ. ಪೇಪರಿನಲ್ಲಿ ಕಟ್ಟಿಸಿ ತಂದು, ಏನೂ ಹೇಳದೆ ಬಸ್ಸಿನಲ್ಲಿ ನನ್ನ ತೊಡೆ ಮೇಲೆ ಇಟ್ಟರು. ರಾತ್ರಿ ಕರೆಂಟ್ ಹೋದಾಗ ಹಿತ್ತಿಲಲ್ಲಿ ನಿಂತು ತಣ್ಣಗಾದ ಎರಡೂ ಬೋಂಡ ತಿಂದೆ. ಆ ವರ್ಷ ಮುಗಿಯುವವರೆಗೂ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಿಜ ಹೇಳಲಿಲ್ಲ. ಈಗ ಅವರು ಇಲ್ಲ.

ಅಂದಹಾಗೆ ಸೀಟಿಯ ಕತೆ ಗೊತ್ತಾ? ರಗ್ಬಿಯಲ್ಲಿ ಮೊದಲು ರೆಫ್ರಿಗಳು ಬಾಯಲ್ಲೇ ಕೂಗಿ ಆಟ ನಿಲ್ಲಿಸಬೇಕಿತ್ತು. 1884ರಲ್ಲಿ ನಮ್ಮ ಕ್ರೈಸ್ಟ್‌ಚರ್ಚಿನ ರೆಫ್ರಿ ವಿಲಿಯಂ ಅಟ್ಯಾಕ್ ತಮ್ಮ ಜೇಬಿನಲ್ಲಿದ್ದ, ನಾಯಿ ಕರೆಯುವ ಸೀಟಿಯನ್ನೇ ಊದಿ ಶುರುಮಾಡಿದರು ಅಂತ ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಗಂಟಲು ಕೆಟ್ಟು ಸಾಕಾಗಿರಬೇಕು, ಪಾಪ. ನಮ್ಮ ಸಂಘದ ವಾರ್ಷಿಕ ಸಭೆಗೂ ಅಂಥದ್ದೊಂದು ಬೇಕು ಅಂತ ಅನಿಸುತ್ತೆ, ಅಲ್ವಾ?

ಟೈಮಾಯಿತು. ಸೂಚನೆಗಳು, ಓಡುತ್ತಾ ಓದಿಕೊಳ್ಳಿ. ಗಣಪತಿ ಪೂಜೆ ಎಂದಿನ ಹಾಲ್‌ನಲ್ಲೇ, ಬೆಳಗ್ಗೆ ಹತ್ತಕ್ಕೆ. ತಟ್ಟೆ ಲೋಟ ಮನೆಯಿಂದ ತನ್ನಿ, ಹೋದ ಸಲ ಸಾಲದೆ ಹೋಗಿ ಪಾಯಸವನ್ನು ಕಾಫಿ ಕಪ್ಪಿನಲ್ಲಿ ಕೊಟ್ಟೆವು. ಊರಿಂದ ಅಪ್ಪ ಅಮ್ಮ ಬರುತ್ತಿದ್ದರೆ ಗರಿಕೆ, ಮಾವಿನ ಸೊಪ್ಪು, ಹಣ್ಣು ತರಬೇಡಿ ಅಂತ ಈಗಲೇ ಹೇಳಿ. ಏರ್‌ಪೋರ್ಟಿನಲ್ಲಿ ಹೇಳದೆ ಸಿಕ್ಕಿಬಿದ್ದರೆ 400 ಡಾಲರ್ ದಂಡ. ಮಕ್ಕಳಿಗೆ ಮಣ್ಣಿನ ಗಣಪ ಮಾಡಿಸುವ ಕಾರ್ಯಕ್ರಮಕ್ಕೆ ಹಳೇ ಬಟ್ಟೆ ಹಾಕಿ ಕಳಿಸಿ. ಕನ್ನಡ ತರಗತಿ ಭಾನುವಾರ ಮಧ್ಯಾಹ್ನ ಎರಡಕ್ಕೆ, ಎರಡೂವರೆಗೆ ಅಲ್ಲ. ರಾಜ್ಯೋತ್ಸವದ ನೃತ್ಯದ ಪ್ರಾಕ್ಟೀಸ್ ಶನಿವಾರ ಬೆಳಗ್ಗೆ ಇಟ್ಟಿದ್ದಾರೆ, "ಮಕ್ಕಳೇ ಬರಲ್ಲ" ಅಂತ ದೂರು ಬೇರೆ. ಅವು ಎಲ್ಲಿರುತ್ತವೆ ಅಂತ ಮೇಲೆ ಓದಿದಿರಲ್ಲ. ಆಟದ ಸೀಸನ್ ಮುಗಿಯುವವರೆಗೆ ಭಾನುವಾರಕ್ಕೆ ಹಾಕಿಕೊಳ್ಳಿ, ದಮ್ಮಯ್ಯ.

ಇನ್ನೊಂದು ಮಾತು. ಈ ಪತ್ರಿಕೆಗೆ ನಾಲ್ಕು ವರ್ಷದಿಂದ ನಾನೇ ಟೈಪು, ನಾನೇ ಪ್ರೂಫು. ಕಣ್ಣು ಉರಿಯುತ್ತೆ, ಒತ್ತಕ್ಷರ ಎಲ್ಲೆಲ್ಲೋ ಹೋಗುತ್ತೆ. ತಿಂಗಳಿಗೆ ಒಂದು ಸಂಜೆ ಕೊಡುವವರು ಒಬ್ಬರೇ ಒಬ್ಬರು ಸಿಕ್ಕರೂ ಸಾಕು. ಹಬ್ಬದ ದಿನ ಕುರ್ಚಿ ಎತ್ತುವವರು, ಪಾತ್ರೆ ತೊಳೆಯುವವರು ಆರು ಜನ ಬೇಕು. ಈ ತಿಂಗಳು ಕೇಳುತ್ತಿದ್ದೇನೆ. ಮುಂದಿನ ತಿಂಗಳಿಂದ ನ್ಯಾನ್ ಥರ ಹೆಸರು ಬರೆದು ಕಳಿಸುತ್ತೇನೆ.

ಮುಂದಿನ ಶನಿವಾರ ಬೆಳಗ್ಗೆ ಹಾಲ್‌ನ ಬೀಗದ ಕೈ ಇಸ್ಕೊಂಡು ಬರುವುದು ನನ್ನ ಪಾಲಿಗಿತ್ತು. ಈಗ ಆಗಲ್ಲ. ಕೊನೇ ಪಂದ್ಯಕ್ಕೆ ಗೆರೆ ಪಕ್ಕ ಬಾವುಟ ಹಿಡಿಯುವ ಕೆಲಸಕ್ಕೆ ನ್ಯಾನ್ ನನ್ನ ಹೆಸರು ಹಾಕಿದ್ದಾರೆ. ರೆಫ್ರಿ ಅದೇ ಹುಡುಗ. ಬೀಗದ ಕೈ ಯಾರಾದರೂ ನೋಡಿಕೊಳ್ಳಿ.