ಕ್ಲಚ್ ಸಿಲಿಂಡರ್: ಡಬ್ಬದ ಮೇಲೆ ಅಳತೆ ಇರಲಿ

ಮಾನ್ಯರೇ,

ಮುಂಬಯಿಯ ಒಪೇರಾ ಹೌಸ್, ಕುರ್ಲಾ ಕಡೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹಳೆಯ ಕಾರುಗಳಿಗೆ ಮೂಲ ಕಂಪನಿಯದಲ್ಲದ ಕ್ಲಚ್ ಮಾಸ್ಟರ್ ಸಿಲಿಂಡರ್‌ಗಳು ಸಿಗುತ್ತವೆ; ಪೆಡಲ್ ಒತ್ತಿದಾಗ ಒಳಗಿನ ಪಿಸ್ಟನ್ನಿನಿಂದ ಬ್ರೇಕ್ ದ್ರವವನ್ನು ತಳ್ಳಿ ಕ್ಲಚ್ ಬಿಡಿಸುವ ಭಾಗವಿದು. ಆದರೆ ನಾನು ಕಂಡ ಹಲವು ಡಬ್ಬಗಳ ಮೇಲೆ ಕಾರಿನ ಹೆಸರಿತ್ತೇ ಹೊರತು ಸಿಲಿಂಡರಿನ ಒಳವ್ಯಾಸ ಎಷ್ಟೆಂಬುದು ಇರಲಿಲ್ಲ. 15.87 ಮಿ.ಮೀ. ಇರಬೇಕಾದಲ್ಲಿ 19.05 ಮಿ.ಮೀ. ಸಿಲಿಂಡರ್ ಕೂರಿಸಿದರೆ ಪಿಸ್ಟನ್ನಿನ ವಿಸ್ತೀರ್ಣ ಶೇ 44ರಷ್ಟು ಹೆಚ್ಚಿ, ಪೆಡಲ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಬಿಗಿಯಾಗುತ್ತದೆ. ಸಯಾನ್–ಪನವೇಲ್ ರಸ್ತೆಯ ವಾಹನದಟ್ಟಣೆಯಲ್ಲಿ ಎಡಗಾಲಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ. ವ್ಯಾಸ ಕಡಿಮೆಯಾದರೆ ಪೆಡಲ್ ಹಗುರ, ಆದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಕರಕರ ಎನ್ನುತ್ತದೆ.

ಇದಕ್ಕಿಂತ ದುಬಾರಿಯಾಗುವುದು, ಪೆಡಲಿನ ಒತ್ತನ್ನು ಪಿಸ್ಟನ್ನಿಗೆ ಮುಟ್ಟಿಸುವ ಸರಳಾದ ಪುಶ್‌ರಾಡಿನ ಉದ್ದ. ಅದು ತುಸು ಹೆಚ್ಚಾದರೂ, ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಸರಿಯದೆ, ದ್ರವವು ಮೇಲಿನ ತೊಟ್ಟಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಉಳಿದು, ಒತ್ತಡ ಇಳಿಯದೆ ಕ್ಲಚ್ ಪೂರ್ತಿ ಹಿಡಿಯದೆ ಜಾರತೊಡಗುತ್ತದೆ. ಇದನ್ನು ಕಂಡು ಕ್ಲಚ್ ಪ್ಲೇಟ್ ಸವೆದಿದೆಯೆಂದು ಗೇರ್‌ಬಾಕ್ಸ್ ಇಳಿಸಲು ಮುಂದಾಗುವವರಿದ್ದಾರೆ. ನನ್ನ ಕಾರಿಗೂ ಇದೇ ಸಲಹೆ ಬಂದಿತ್ತು. ಲಾಕ್‌ನಟ್ ಸಡಿಲಿಸಿ ರಾಡನ್ನು ಸ್ವಲ್ಪ ತಿರುಗಿಸಿ ಗಿಡ್ಡ ಮಾಡಿದೊಡನೆ ಜಾರುವುದು ನಿಂತಿತು.

ಬ್ಲೀಡಿಂಗ್ ಮಾಡುವಾಗ, ಅಂದರೆ ಕೊಳವೆಯಲ್ಲಿ ಸೇರಿದ ಗಾಳಿಯನ್ನು ಹೊರತೆಗೆಯುವಾಗ, ಹೊರಬಂದ ಹಳೆಯ ಬ್ರೇಕ್ ದ್ರವವನ್ನೇ ಮತ್ತೆ ಸುರಿಯುವುದೂ ಸಲ್ಲದು. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವಗಳು ತೇವ ಹೀರುತ್ತವೆ, ನಮ್ಮಲ್ಲಿ ಮಳೆಗಾಲದ ಹವೆಯಂತೂ ಹೇಳಬೇಕಾಗಿಲ್ಲ.

ಒಳವ್ಯಾಸ, ಪುಶ್‌ರಾಡಿನ ಉದ್ದ ಹಾಗೂ ದ್ರವದ ದರ್ಜೆಯನ್ನು ತಯಾರಕರು ಡಬ್ಬದ ಮೇಲೆ ಕಡ್ಡಾಯವಾಗಿ ಮುದ್ರಿಸುವಂತೆ ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕು. ಅಲ್ಲಿಯವರೆಗೆ ಕೊಳ್ಳುವವರು ಹಳೆಯ ಸಿಲಿಂಡರನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಒಳ್ಳೆಯದು.

– ಒಬ್ಬ ಓದುಗ, ಚೆಂಬೂರು, ಮುಂಬಯಿ