ಕತ್ತರಿ ಮತ್ತೆ ಕೈಗೆ ಬಂದಿದೆ

ಈ ಜೂನಿನಲ್ಲಿ ಶಾಲೆ ತೆರೆಯುವ ಮೊದಲು ಬದಿಯಡ್ಕದ ಸುತ್ತಿನ ಮಕ್ಕಳ ಸಮವಸ್ತ್ರಗಳನ್ನು ಮತ್ತೆ ನಾನೇ ಹೊಲಿದು ಕೊಟ್ಟೆ. ಅದಕ್ಕೆ ಕಾರಣರಾದವರನ್ನು ಎಲ್ಲರೆದುರು ನೆನೆಯಬೇಕೆಂದು ಬರೆಯುತ್ತಿದ್ದೇನೆ.

ನನ್ನ ಕಾಯಿಲೆ ಕತ್ತಿನಲ್ಲಿ ಬೆನ್ನುಹುರಿ ಒತ್ತಿಹೋಗಿ ಕೈಕಾಲು ಸೋತದ್ದು. ಆದರೂ ನನಗೆ ಕತ್ತು ನೋವೇ ಇರಲಿಲ್ಲ. ಕಾಜಾಕ್ಕೆ ಗುಂಡಿ ತೂರಿಸಲು ಬೆರಳು ಬಗ್ಗುತ್ತಿರಲಿಲ್ಲ. ಸೂಜಿ ಕೈಯಲ್ಲಿದೆಯೋ ಜಾರಿತೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು. ತೋಟದ ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಲು ಧೈರ್ಯ ಸಾಲುತ್ತಿರಲಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿದೆಯೆಂದು ಕೆಲವು ಕಾಲ ಔಷಧ ನಡೆಯಿತು. ಕೈ ಜೋಮು ಹಿಡಿಯುವುದು ಅದರಲ್ಲೂ ಉಂಟು, ಆದರೆ ಮಣಿಕಟ್ಟಿನ ತೊಂದರೆ ನಡಿಗೆಯನ್ನು ಕೆಡಿಸುವುದಿಲ್ಲ.

ಕೈಯ ಜೊತೆಗೆ ಕಾಲನ್ನೂ ವಿಚಾರಿಸಿದವರು ಮಂಗಳೂರಿನ ನರರೋಗ ತಜ್ಞೆ. ಅವರಿಗೆ ನನ್ನ ಮೊದಲ ನಮಸ್ಕಾರ. 10 ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಬಿಗಿದು ಬಿಡಿಸಬಲ್ಲೆ ಎಂದು ಎಣಿಸಿದರು. ಆರೋಗ್ಯವಂತರಿಗೆ 20ರ ಹತ್ತಿರ ಬರುತ್ತದಂತೆ, ನಾನು ಅರ್ಧದಲ್ಲೇ ಸೋತೆ. ನಡುಬೆರಳಿನ ಉಗುರನ್ನು ಚಿಮ್ಮಿದಾಗ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು. ಅವರ ಮುಖ ಗಂಭೀರವಾದದ್ದು ಆಗಲೇ. ಎಂ.ಆರ್.ಐ. ಬರೆದುಕೊಟ್ಟದ್ದು ಇದೆಲ್ಲ ಆದ ಮೇಲೆ.

ಚಿತ್ರದಲ್ಲಿ ಬೆನ್ನುಹುರಿಯ ಸುತ್ತ ಇರಬೇಕಾದ ದ್ರವದ ಬಿಳಿ ಗೆರೆ ಕತ್ತಿನ 5 ಮತ್ತು 6ನೆಯ ಎಲುಬುಗಳ ನಡುವೆ ಅಳಿಸಿಹೋಗಿತ್ತು. ವಯಸ್ಸಿನ ಸವೆತದಿಂದ ಡಿಸ್ಕ್, ಅಂದರೆ ಎಲುಬುಗಳ ನಡುವಿನ ಮೆತ್ತೆ, ಹೊರಚಾಚಿ, ಎಲುಬಿನ ಅಂಚು ಬೆಳೆದು ಹುರಿಯನ್ನು ಒತ್ತಿದ್ದವು. ಹುರಿಯೊಳಗೇ ಬೆಳ್ಳನೆಯ ಮಚ್ಚೆಯೊಂದಿತ್ತು. ನನ್ನ ಭಾವನವರಿಗೂ ಬೇರೆ ಕಾರಣಕ್ಕೆ ತೆಗೆಸಿದ ಚಿತ್ರದಲ್ಲಿ ಇಂಥದೇ ಒತ್ತಡ ಕಂಡಿತ್ತು, ಆದರೆ ಅವರು ಈಗಲೂ ಆರಾಮವಾಗಿ ತೋಟದ ಕೆಲಸ ಮಾಡುತ್ತಾರೆ. ಹಾಗಾದರೆ ನನಗೇಕೆ ಆಪರೇಷನ್ ಎಂದು ತಜ್ಞೆಯನ್ನು ಕೇಳಿದೆ. ಒತ್ತಡವಿದ್ದೂ ಯಾವ ತೊಂದರೆಯೂ ಇಲ್ಲದವರು ಬಹಳ ಜನ, ಚಿತ್ರವೊಂದನ್ನೇ ನಂಬಿ ಆಪರೇಷನ್ನಿಗೆ ಕೈ ಹಾಕುವುದಿಲ್ಲ ಎಂದರು. ಕೈ, ಕಾಲು, ಸ್ಪರ್ಶ, ಮೂತ್ರದ ಹಿಡಿತ ಎಲ್ಲ ಸೇರಿಸಿ 18ಕ್ಕೆ ಅಂಕ ಕೊಡುವ ಕ್ರಮವಿದೆ, ಅಂಕ ಕಡಿಮೆಯಾದಷ್ಟೂ ತೊಂದರೆ ಹೆಚ್ಚು. 12ರಿಂದ 14 ಬಂದರೆ ಮಧ್ಯಮ. ನಾನು ಅದರಲ್ಲಿ ಬಿದ್ದೆ. ಮಧ್ಯಮಕ್ಕೂ ಅದಕ್ಕಿಂತ ತೀವ್ರವಾದದ್ದಕ್ಕೂ ಶಸ್ತ್ರಚಿಕಿತ್ಸೆಯೇ ಸರಿ ಎಂಬುದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ. ರೋಗ ಮುಂದುವರಿಯದಂತೆ ತಡೆಯುವುದು ಮುಖ್ಯ, ಕಳೆದದ್ದೆಲ್ಲ ಮರಳಿ ಬರುತ್ತದೆಂದು ಮಾತು ಕೊಡಲಾರೆ ಎಂದೂ ಬಿಡಿಸಿ ಹೇಳಿದರು. ಆ ನೇರ ಮಾತಿಗೆ ನಾನು ಋಣಿ.

ಕತ್ತಿನ ಮುಂಭಾಗದಿಂದ ಡಿಸ್ಕ್ ತೆಗೆದು ಎಲುಬುಗಳನ್ನು ಬೆಸೆದ ಶಸ್ತ್ರಚಿಕಿತ್ಸಕರಿಗೆ, ರಾತ್ರಿಯಿಡೀ ಎಚ್ಚರವಿದ್ದ ದಾದಿಯರಿಗೆ ಕೈಮುಗಿಯುತ್ತೇನೆ. ಕಾಸರಗೋಡಿನ ಫಿಸಿಯೋಥೆರಪಿಸ್ಟ್ ಮಲಯಾಳಿ. ನನಗಾಗಿ ಕನ್ನಡದಲ್ಲೇ ಮಾತನಾಡುತ್ತ, ಹಳೆಯ ಅಂಗಿಯೊಂದನ್ನು ಮುಂದಿಟ್ಟು ಗುಂಡಿ ಹಾಕಿ ಬಿಚ್ಚುವುದನ್ನು ಮಗುವಿಗೆ ಕಲಿಸಿದಂತೆ ಕಲಿಸಿದರು. ನನ್ನವಳು ಅಂಗಡಿಯ ಬಾಗಿಲನ್ನು ಒಂದು ದಿನವೂ ಮುಚ್ಚಗೊಡಲಿಲ್ಲ.

ಪಕ್ಕದ ಅಂಗಡಿಯ ಟೈಲರ್ ಇಬ್ರಾಹಿಂ ಕಾಕ ನನ್ನ ಗಿರಾಕಿಗಳ ಬಟ್ಟೆಯನ್ನು ತಾವು ಹೊಲಿದು, ಮಜೂರಿಯನ್ನು ನಮ್ಮ ಮನೆಗೆ ತಲುಪಿಸಿದರು. ಕಿರುಬೆರಳುಗಳ ಜೋಮು ಇನ್ನೂ ಪೂರ್ತಿ ಬಿಟ್ಟಿಲ್ಲವಾದ್ದರಿಂದ ಕಾಜಾದ ಕೆಲಸವನ್ನು ಸದ್ಯಕ್ಕೆ ಅವರಿಗೇ ಒಪ್ಪಿಸಿದ್ದೇನೆ.