ಎಪ್ಸಿ ಕ್ಯಾಂಪ್‌ಬೆಲ್ ಅವರಿಗೂ, ಜೊತೆಗಿದ್ದ ಎಲ್ಲರಿಗೂ

ಪಿಎಚ್‌ಡಿ ವೈವಾ ಮುಗಿಯಿತು. ಪಾಸಾದೆ! ಯಲ್ಲಾಪುರದ ಕಡೆಯ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಹುಡುಗಿ ಮಧ್ಯ ಅಮೆರಿಕದ ಕೋಸ್ಟಾರಿಕಾ ದೇಶದ ರಾಜಕಾರಣಿ ಎಪ್ಸಿ ಬಗ್ಗೆ ಯಾಕೆ ಬರೆಯಬೇಕು ಅಂತ ತುಂಬ ಜನ ಕೇಳಿದ್ದರು. ಈಗ ಉತ್ತರ ಹೇಳಬಹುದು ಅನ್ನಿಸುತ್ತಿದೆ.

ಮೊದಲ ಕೃತಜ್ಞತೆ ಅಮ್ಮನಿಗೆ. ಎಪ್ಸಿ ಕ್ಯಾಂಪ್‌ಬೆಲ್ ಬಾರ್ ಅವರ ಫೋಟೋ ಮೊಬೈಲಿನಲ್ಲಿ ತೋರಿಸಿದಾಗ ರೊಟ್ಟಿ ತಟ್ಟುವ ಕೈ ನಿಲ್ಲಿಸಿ, "ನಮ್ಮ ಅತ್ತೆ ಥರಾನೇ ಇದ್ದಾಳಲ್ಲೇ! ಇವರ ಹಿರೀಕರು ಅಲ್ಲಿಗೆ ಹೇಗೆ ಹೋದರಂತೆ?" ಅಂದಳು. ನನ್ನ ಮೊದಲ ಅಧ್ಯಾಯ ಹುಟ್ಟಿದ್ದೇ ಆ ಪ್ರಶ್ನೆಯಿಂದ. ನಮ್ಮವರನ್ನು ಆಫ್ರಿಕಾದಿಂದ ಪೋರ್ಚುಗೀಸರ ಹಡಗುಗಳು ಗೋವಾಕ್ಕೆ ತಂದವು. ಕೋಸ್ಟಾರಿಕಾಕ್ಕೆ 1870ರ ದಶಕದಿಂದ ಲಿಮೋನ್ ಬಂದರಿನ ರೈಲು ಹಳಿ ಹಾಕಲು, ಆಮೇಲೆ ಬಾಳೆ ತೋಟಗಳಲ್ಲಿ ದುಡಿಯಲು ಜಮೈಕಾದಿಂದ ಕಪ್ಪು ಜನ ಬಂದರು. ಎಪ್ಸಿಯವರ ಅಜ್ಜಿಯೂ ಜಮೈಕಾದವರೇ. ಮೊಮ್ಮಗಳಿಗೆ ಇಟ್ಟಿದ್ದು ಅಜ್ಜಿಯ ಹೆಸರನ್ನೇ. ಅಲ್ಲೇ ಹುಟ್ಟಿ ಬೆಳೆದ ಈ ಜನರಿಗೆ ಪೂರ್ತಿ ಪೌರತ್ವದ ದಾರಿ ತೆರೆದದ್ದು 1949ರಲ್ಲಿ. ಕರ್ನಾಟಕದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು. ಕಾಯುವುದು ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ನನ್ನ ಗೈಡ್ ಮೇಡಂಗೆ ಎಷ್ಟು ಹೇಳಿದರೂ ಕಡಿಮೆಯೇ. 2018ರ ಮೇ ತಿಂಗಳಲ್ಲಿ ಎಪ್ಸಿ ಕೋಸ್ಟಾರಿಕಾದ ಉಪಾಧ್ಯಕ್ಷೆಯಾದರು. ಆ ದೇಶದಲ್ಲಿ ಆ ಸ್ಥಾನಕ್ಕೇರಿದ ಮೊದಲ ಕಪ್ಪು ಮಹಿಳೆ. ಜೊತೆಗೆ ವಿದೇಶಾಂಗ ಸಚಿವೆಯೂ ಆದರು. ಆದರೆ ಇಲಾಖೆಯ ನೇಮಕಾತಿಗಳ ಬಗ್ಗೆ ಟೀಕೆ ಜಾಸ್ತಿಯಾಗಿ, ಡಿಸೆಂಬರ್‌ನಲ್ಲಿ ಸಚಿವ ಸ್ಥಾನ ಬಿಟ್ಟರು. ಇದನ್ನು ಒಂದು ಸಾಲಿನಲ್ಲಿ ಮುಗಿಸೋಣ ಅನ್ನಿಸಿತ್ತು. ಮೇಡಂ ಬಿಡಲಿಲ್ಲ. "ಪ್ರೀತಿಯಿಂದ ಬರೆಯೋದು ಅಂದರೆ ಪೂರ್ತಿ ಬರೆಯೋದು" ಅಂದರು. ಪ್ರತಿ ಡ್ರಾಫ್ಟಿನ ಅಂಚಿನಲ್ಲೂ ಅವರ ಕೆಂಪು ಪೆನ್ನಿನ ಪ್ರಶ್ನೆಗಳು ತುಂಬಿರುತ್ತಿದ್ದವು.

ಪೂರ್ತಿ ಬರೆದಿದ್ದಕ್ಕೇ ನನಗೆ ಎಪ್ಸಿ ಇನ್ನೂ ದೊಡ್ಡವರಾಗಿ ಕಂಡರು. ತಮ್ಮ ಪಕ್ಷದ ಸ್ಥಾಪಕರಲ್ಲಿ ಒಬ್ಬರು, ಎರಡು ಸಲ ಶಾಸಕಿ. ಆದರೂ ಎರಡು ಸಲ ಕೇಳಿದರೂ ಪಕ್ಷದ ಅಧ್ಯಕ್ಷೀಯ ಟಿಕೆಟ್ ಸಿಗಲಿಲ್ಲ. ಹಾಗಂತ ರಾಜಕೀಯ ಬಿಟ್ಟು ಮನೆಗೆ ಹೋಗಲಿಲ್ಲ. ಸಚಿವ ಸ್ಥಾನ ಹೋದ ಮೇಲೂ ಉಪಾಧ್ಯಕ್ಷೆಯಾಗಿ ಅವಧಿ ಮುಗಿಸಿದರು. ಆ ಅವಧಿಯಲ್ಲೇ, 2020ರಲ್ಲಿ, ಆಗಸ್ಟ್ 31ನ್ನು ಆಫ್ರಿಕನ್ ಮೂಲದ ಜನರ ದಿನವೆಂದು ವಿಶ್ವಸಂಸ್ಥೆ ಘೋಷಿಸಿತು. ಕೋಸ್ಟಾರಿಕಾ ಮುಂದಿಟ್ಟ ಪ್ರಸ್ತಾಪ ಅದು. ಆಫ್ರಿಕನ್ ಮೂಲದವರಿಗಾಗಿ ವಿಶ್ವಸಂಸ್ಥೆ 2021ರಲ್ಲಿ ಶಾಶ್ವತ ವೇದಿಕೆ ಶುರುಮಾಡಿದಾಗ ಅದರ ಮೊದಲ ಅಧ್ಯಕ್ಷೆಯೂ ಎಪ್ಸಿಯವರೇ. ನನ್ನ ಮಟ್ಟಿಗೆ ಉಪಾಧ್ಯಕ್ಷ ಪದವಿಗಿಂತ ಇದೇ ದೊಡ್ಡ ಕೆಲಸ. ಆಗಸ್ಟ್ 31ರ ಆ ದಿನ ನಮ್ಮದೂ ಹೌದು.

ಸ್ಪ್ಯಾನಿಷ್ ಪತ್ರಿಕೆಗಳನ್ನು ನನ್ನ ಜೊತೆ ಕೂತು ಸಾಲು ಸಾಲಾಗಿ ಓದಿಸಿದ ಗೆಳತಿಗೆ, ಹಾಸ್ಟೆಲ್ ಫೀಸು ಕಟ್ಟಲು ದುಡ್ಡು ಕೂಡಿಸಿಕೊಟ್ಟ ನಮ್ಮ ಹಳ್ಳಿಯ ಸ್ವಸಹಾಯ ಸಂಘದ ಅಕ್ಕಂದಿರಿಗೆ ನಾನು ಋಣಿ.

ಎಪ್ಸಿ ಮೇಡಂ, ಪ್ರಬಂಧದ ಸಾರಾಂಶವನ್ನು ಸ್ಪ್ಯಾನಿಷ್‌ನಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಕಳಿಸುತ್ತೇನೆ. ನೀವು ಬಿಡದೆ ಮಾಡಿದ ಕೆಲಸಕ್ಕೆ, ನಮ್ಮ ಕಾಡಿನ ಹಳ್ಳಿಯಿಂದ ತುಂಬಾ ತುಂಬಾ ಥ್ಯಾಂಕ್ಸ್.